ಕರಡಿಯ ಬಾಯಲ್ಲಿ ಮನುಷ್ಯನ ಕಣ್ಣು

ಸಂಕ್ರಾಂತಿ ಬಂತೆಂದರೆ ಸೊಲ್ಲಾಪುರದ ಹೋಮ್ ಮೈದಾನ ತುಂಬಿ ತುಳುಕುತ್ತದೆ. ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮನ ಊರಿನ ಜಾತ್ರೆ ಅದು. ಊರವರ ಬಾಯಲ್ಲಿ ಗಡ್ಡಾ ಯಾತ್ರೆ. ಬಿಳಿ ಬಾರಾಬಂದಿ ತೊಟ್ಟವರು ಹೊರುವ ಏಳು ನಂದಿಧ್ವಜಗಳು ಒಂದು ಕಡೆ, ತಿರುಗುವ ತೊಟ್ಟಿಲು, ಬೆಂಡು ಬತ್ತಾಸಿನ ಅಂಗಡಿ, ಆಟಿಕೆಯ ಸಾಲು ಇನ್ನೊಂದು ಕಡೆ. ಜಾತ್ರೆ ಯಾವುದೇ ಇರಲಿ, ಹುಟ್ಟುಹಬ್ಬದ ಹಾಲ್ ಇರಲಿ, ಹೊಸದಾಗಿ ತೆರೆದ ಬಟ್ಟೆ ಅಂಗಡಿಯ ಬಾಗಿಲಿರಲಿ, ಈಚೆಗೆ ಅಲ್ಲೊಂದು ದೊಡ್ಡ ತಲೆಯ ಕರಡಿಯೋ ಇಲಿಯೋ ನಿಂತು ಕೈ ಬೀಸುತ್ತಿರುತ್ತದೆ. ಅಪ್ಪನ ಹೆಗಲ ಮೇಲಿನ ಮಗು ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆ. ಕರಡಿ ಮಾತ್ರ ಮಗುವನ್ನು ತನ್ನ ಕಣ್ಣಿಂದ ನೋಡುತ್ತಿರುವುದಿಲ್ಲ.

ಅದರ ಅರೆತೆರೆದ ಬಾಯಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಕೆಂಪು ನಾಲಿಗೆಯ ಮೇಲೆ, ಹಲ್ಲಿನ ಹಿಂದೆ ಒಂದು ಕರಿ ಜಾಳಿಗೆ ಬಟ್ಟೆ ಇರುತ್ತದೆ. ಅದರ ಹಿಂದೆ, ಬೆವರಿನಲ್ಲಿ ಮಿಟುಕುವ ಎರಡು ನಿಜವಾದ ಕಣ್ಣು. ಮಗು ನೋಡುವುದು ಮೇಲಿನ ಪ್ಲಾಸ್ಟಿಕ್ ಬಟ್ಟಲುಗಳನ್ನು. ಒಳಗಿನವನು ನೋಡುವುದು ಒಂದು ಗೇಣು ಕೆಳಗಿಂದ. ಹೀಗಾಗಿ ಇಬ್ಬರ ನೋಟ ಕೂಡುವುದೇ ಇಲ್ಲ. ಫೋಟೊದಲ್ಲಿ ಕರಡಿ ಯಾವಾಗಲೂ ಆಕಾಶ ನೋಡುತ್ತಿರುವಂತೆ ಬರುವುದು ಇದೇ ಕಾರಣಕ್ಕೆ: ಎದುರಿನವರನ್ನು ಬಾಯಿಂದ ಕಾಣಲು ಒಳಗಿನವನು ತಲೆ ಎತ್ತಿರುತ್ತಾನೆ.

ಬಾಯಿ ಬಿಟ್ಟು ಕಣ್ಣಿಂದಲೇ ನೋಡುವಂತೆ ಮಾಡಲಾಗದೇ? ಹೊರಗಿನವರಿಗೆ ಅದು ಬೆಳ್ಳಗೆ ಹೊಳೆಯುವ, ಕರಿಗುಡ್ಡೆಯುಳ್ಳ ಕಾರ್ಟೂನ್ ಕಣ್ಣಾಗಿ ಕಾಣಬೇಕು; ಒಳಗಿನವನಿಗೆ ಕಿಟಕಿಯಾಗಬೇಕು. ಒಂದೇ ತುಂಡು ಬಟ್ಟೆ, ಈ ಕಡೆಯಿಂದ ಗೋಡೆ, ಆ ಕಡೆಯಿಂದ ಬಾಗಿಲು. ಕೇಳಲು ಮಾಟದಂತಿದೆ. ಮಾಡುವವರು ಮಾಡಿದ್ದಾರೆ, ಖರ್ಚೂ ದೊಡ್ಡದಲ್ಲ.

ಈ ತೊಡಕಿಗೆ ಹಿಂದಿನವರು ಕಂಡುಕೊಂಡ ದಾರಿಗಳಲ್ಲಿ ಹೆಚ್ಚಿನವು ಕಣ್ಣಿನ ಗೊಡವೆಗೇ ಹೋಗದ ದಾರಿಗಳು. ಮೈಸೂರು ದಸರೆಯ ಮೆರವಣಿಗೆಯಲ್ಲಿ ಕುಣಿಯುವ ಗಾರುಡಿ ಗೊಂಬೆ 10–12 ಅಡಿ ಎತ್ತರ. ಬಿದಿರ ತಟ್ಟಿಯ ಆ ಮೈಯನ್ನು ಹೆಗಲ ಮೇಲೆ ಹೊತ್ತವನ ತಲೆ ಗೊಂಬೆಯ ಹೊಟ್ಟೆಯ ಮಟ್ಟಕ್ಕೆ ಬರುತ್ತದೆ. ಅವನು ನೋಡುವುದು ಅಲ್ಲಿಯ ಸಣ್ಣ ಕಿಂಡಿಯಿಂದ. ಮೇಲಿನ ಕಣ್ಣು, ಹುಬ್ಬು, ಮೀಸೆ ಎಲ್ಲ ಜನರಿಗೆ. 1954ರ ಜಪಾನಿ ಚಿತ್ರ ‘ಗಾಡ್ಜಿಲಾ’ದಲ್ಲಿ ರಾಕ್ಷಸ ಹಲ್ಲಿಯ ವೇಷ ತೊಟ್ಟ ಹರುವೊ ನಕಜಿಮಾ ಊರು ತುಳಿದದ್ದು ಅದರ ಕತ್ತಿನ ತೂತುಗಳಿಂದ ನೋಡಿಕೊಂಡು. ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ನ ಎಂಟಡಿಯ ಹಳದಿ ಹಕ್ಕಿ ಬಿಗ್ ಬರ್ಡ್‌ನ ಕಥೆ ಇನ್ನೂ ಸ್ವಾರಸ್ಯದ್ದು. 1969ರಿಂದ ಸುಮಾರು ಅರ್ಧ ಶತಮಾನ ಅದನ್ನು ಆಡಿಸಿದ ಕ್ಯಾರೊಲ್ ಸ್ಪಿನಿಗೆ ಹೊರಗೆ ನೋಡಲು ಕಿಂಡಿಯೇ ಇರಲಿಲ್ಲ. ಬಲಗೈ ಮೇಲೆತ್ತಿ ಹಕ್ಕಿಯ ತಲೆಯನ್ನು ಹಿಡಿದು, ಎದೆಗೆ ಕಟ್ಟಿಕೊಂಡ ಪುಟ್ಟ ಟಿವಿಯಲ್ಲಿ ಕ್ಯಾಮೆರಾ ಕಂಡದ್ದನ್ನು ಕಾಣುತ್ತ ಆತ ನಡೆಯುತ್ತಿದ್ದ. ಅಂದರೆ ತನ್ನನ್ನು ತಾನು ಎದುರಿನಿಂದ ನೋಡಿಕೊಂಡು ಹೆಜ್ಜೆ ಇಡುವುದು. ಕನ್ನಡಿ ನೋಡಿ ಬೈತಲೆ ತೆಗೆಯುವವರಿಗೂ ಕೈ ತಪ್ಪುತ್ತದೆ, ಇಲ್ಲಿ ಕಾಲು.

ಜಪಾನಿನ ನೋ ನಾಟಕದವರು ಮಾತ್ರ ಮುಖವಾಡದ ಕಣ್ಣನ್ನೇ ಕೊರೆದರು. ಕೊರೆದ ತೂತು ಎಷ್ಟು ಸಣ್ಣದೆಂದರೆ ನಟನಿಗೆ ರಂಗದ ಅಂಚು ತಿಳಿಯುವುದೇ ಕಷ್ಟ. ಅವನು ಜಾಗ ಅಳೆಯುವುದು ರಂಗದ ಮುಂಮೂಲೆಯ ಒಂದು ಕಂಬ ನೋಡಿಕೊಂಡು. ಅದರ ಹೆಸರು ಮೆತ್ಸುಕೆ-ಬಾಷಿರಾ, ‘ಕಣ್ಣು ನೆಡುವ ಕಂಬ’. ಕಣ್ಣಿನ ಕೊರತೆಯನ್ನು ಅಲ್ಲಿ ಬಡಗಿ ತುಂಬಿಕೊಟ್ಟ.

ಈ ಕಡೆ ಗೋಡೆ, ಆ ಕಡೆ ಬಾಗಿಲಾಗುವ ಆ ಬಟ್ಟೆ ಎಂದರೆ ಜಾಲರಿ. ಜಾಲರಿಯ ಕಣ್ಣು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಅಡುಗೆಮನೆಗೆ ಹೋದರೆ ಸಾಕು. ಹಿಟ್ಟು ಜರಡಿ ಹಿಡಿಯುವ ಸಾಣಿಗಿಯನ್ನು ಕೈ ಚಾಚಿ ದೂರ ಹಿಡಿದು ಅದರ ಮೂಲಕ ಅಂಗಳದ ಗಿಡ ನೋಡಿದರೆ ಕಾಣುವುದು ಮೊದಲು ಸಾಣಿಗಿಯ ತಂತಿ, ಆಮೇಲೆ ಗಿಡ. ಈಗ ಅದನ್ನೇ ಕಣ್ಣಿಗೆ ಮೂರು ಬೆರಳು ಅಂತರಕ್ಕೆ ತಂದರೆ ತಂತಿಗಳು ಮಾಯ. ಗಿಡ ಮೊದಲಿಗಿಂತ ಸ್ವಲ್ಪ ಮಬ್ಬು, ಅಷ್ಟೇ. (ಹೆಂಡತಿ ಜರಡಿಯಿಂದ ಗಂಡನ ಮುಖ ನೋಡುವ ಕರವಾ ಚೌತ್ ವ್ರತದ ಸಿನಿಮಾಗಳಲ್ಲಿ ನಾಯಕಿ ಜರಡಿಯನ್ನು ಅಷ್ಟು ದೂರ ಹಿಡಿಯುವುದು ಕ್ಯಾಮೆರಾದ ಅನುಕೂಲಕ್ಕೆ, ಗಂಡನ ಮುಖ ಚೆನ್ನಾಗಿ ಕಾಣಬೇಕಿದ್ದರೆ ಕಣ್ಣಿನ ಹತ್ತಿರಕ್ಕೆ ತರಬೇಕು.)

ಮಾಯವಾದದ್ದು ಹೇಗೆ? ಕಣ್ಣಿನ ಪಾಪೆ ಚುಕ್ಕೆಯಲ್ಲ, ಒಂದು ಬಾಗಿಲು. ಸಾಧಾರಣ ಬೆಳಕಿನಲ್ಲಿ ಅದರ ಅಗಲ ಸುಮಾರು 3 ಮಿಲಿಮೀಟರ್. ದೂರದ ಗಿಡದ ಒಂದು ಎಲೆಯಿಂದ ಬರುವ ಬೆಳಕು ಆ 3 ಮಿಲಿಮೀಟರ್ ಬಾಗಿಲನ್ನು ತುಂಬಿಕೊಂಡು ಒಳಗೆ ಬರುತ್ತದೆ. ಅಡ್ಡ ಬಂದ ಎಳೆ 0.3 ಮಿಲಿಮೀಟರ್ ದಪ್ಪದ್ದಾದರೆ ಅದು ಬಾಗಿಲ ನಡುವೆ ನಿಂತ ಕೋಲಿನಂತೆ. ಜನ ಎರಡೂ ಬದಿಯಿಂದ ಸುತ್ತಿ ಒಳಗೆ ಬರುತ್ತಾರೆ. ಯಾವ ದಿಕ್ಕಿಗೆ ನೋಡಿದರೂ ಬಾಗಿಲಲ್ಲಿ ಎರಡು ಮೂರು ಎಳೆ ಇದ್ದೇ ಇರುವುದರಿಂದ ಎಲ್ಲ ದಿಕ್ಕಿನ ಬೆಳಕಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಕಡಿತ. ಜೊತೆಗೆ ಅಷ್ಟು ಹತ್ತಿರದ ವಸ್ತುವಿನ ಮೇಲೆ ಕಣ್ಣು ನೆಲೆ ನಿಲ್ಲಲಾರದು. ಆದ್ದರಿಂದ ಜಾಲರಿ ಜಾಲರಿಯಾಗಿ ಕಾಣದೆ ಬರಿಯ ಮಬ್ಬಾಗಿ ಉಳಿಯುತ್ತದೆ.

ಹೊರಗಿನವರ ಕಥೆ ಬೇರೆ. ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಸುಮಾರು ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು. ಎಳೆಯಿಂದ ಎಳೆಗೆ 1 ಮಿಲಿಮೀಟರ್ ಅಂತರವಿರುವ ಜಾಲರಿ ಸುಮಾರು 3.4 ಮೀಟರ್, ಅಂದರೆ 11 ಅಡಿ ದೂರ ಹೋದರೆ ಈ ಮಿತಿ ದಾಟುತ್ತದೆ. ಅಲ್ಲಿಂದಾಚೆ ಎಳೆಯೂ ತೂತೂ ಕಲೆತು ಒಂದೇ ಬಣ್ಣ. ವೇದಿಕೆಯ ಎದುರಿನ ಮೊದಲ ಸಾಲಿನ ಕುರ್ಚಿ ಸಾಮಾನ್ಯವಾಗಿ ಇರುವುದೂ ಅಷ್ಟೇ ದೂರದಲ್ಲಿ. ಜಾಲರಿಯನ್ನು 4 ಸೆಂಟಿಮೀಟರ್‌ನಿಂದ ನೋಡುವವನಿಗೆ ಅದು ಇಲ್ಲ, 11 ಅಡಿಯಿಂದ ನೋಡುವವನಿಗೆ ಅದು ಗಟ್ಟಿ ಹಲಗೆ.

ಇದಿಷ್ಟೇ ಆಗಿದ್ದರೂ ಕೆಲಸ ಸಾಗದು. ತೂತಿನಿಂದ ಒಳಗಿನವನು ಹೊರಗೆ ಕಾಣಬಹುದಾದರೆ ಅದೇ ತೂತಿನಿಂದ ಹೊರಗಿನವರು ಅವನ ಮುಖವನ್ನೂ ಕಾಣಬೇಕಲ್ಲ? ಬೆಳಕು ಹೋದ ದಾರಿಯಲ್ಲೇ ಹಿಂದಿರುಗಬಲ್ಲದು. ಒಂದೇ ದಿಕ್ಕಿಗೆ ಬೆಳಕು ಬಿಡುವ ಬಟ್ಟೆ, ಗಾಜು ಯಾವುದೂ ಇಲ್ಲ. ಪೊಲೀಸ್ ಸಿನಿಮಾದ ವಿಚಾರಣೆ ಕೋಣೆಯ ಕನ್ನಡಿ ಕೂಡ ಹಾಗೆ ಮಾಡುವುದಿಲ್ಲ. ಅಲ್ಲೂ ಇಲ್ಲೂ ಇರುವ ಗುಟ್ಟು ಬಟ್ಟೆಯದಲ್ಲ, ಬೆಳಕು ಯಾವ ಕಡೆ ನಿಂತಿದೆ ಎಂಬುದರದು.

ಗಡಿನಾಡಿನವರಿಗೆ ಇದನ್ನು ಟೋಲ್ ನಾಕಾದ ಲೆಕ್ಕದಲ್ಲಿ ಹೇಳಬಹುದು. ಹೊರಗಿನ ಗಿಡದ ಮೇಲೆ ಬಿಸಿಲು ಬಿದ್ದಿದೆ. ಆ ಬೆಳಕು ಜಾಲರಿ ದಾಟಿ ಒಳಗಿನ ಕಣ್ಣಿಗೆ ಬರುವಾಗ ನಾಕಾದಲ್ಲಿ ಒಮ್ಮೆ ಸುಂಕ ಕಟ್ಟುತ್ತದೆ. ಒಳಗಿನವನ ಮುಖ ಹೊರಗಿನವರಿಗೆ ಕಾಣಬೇಕಾದರೆ ಬೆಳಕು ಹೊರಗಿಂದ ಒಳಗೆ ಹೋಗಿ, ಮುಖಕ್ಕೆ ತಾಗಿ, ಮತ್ತೆ ಹೊರಗೆ ಬರಬೇಕು. ಎರಡು ಸಲ ಸುಂಕ. ಜಾಲರಿಯ ಮೂರನೆಯ ಒಂದು ಪಾಲು ತೂತಾಗಿದ್ದರೆ ಒಳಗಿನವನಿಗೆ ಹೊರಗಿನ ಬೆಳಕಿನ ಮೂರನೆಯ ಒಂದು ಪಾಲು ಸಿಗುತ್ತದೆ. ಹೊರಗಿನವರಿಗೆ ಅವನ ಮುಖದ್ದು ಒಂಬತ್ತನೆಯ ಒಂದು ಪಾಲು. ಆ ಒಂಬತ್ತನೆಯ ಪಾಲಿನಲ್ಲೂ ಚರ್ಮ ನುಂಗಿಕೊಂಡು ಉಳಿದದ್ದಷ್ಟೇ. ಅದು ಬಿಳಿ ಬಣ್ಣ ಬಳಿದ ಎಳೆಗಳ ಝಗಝಗದ ನಡುವೆ ಸಂತೆಯ ಗದ್ದಲದಲ್ಲಿ ಪಿಸುಮಾತಿನಂತೆ ಮುಳುಗುತ್ತದೆ.

ಹಗಲಿನಲ್ಲಿ ಜಾಳಿಗೆ ಪರದೆ ಬಿಟ್ಟ ಕಿಟಕಿಯೊಳಗೆ ಏನಿದೆಯೆಂದು ಬೀದಿಯವರಿಗೆ ತಿಳಿಯದಿರುವುದೂ, ರಾತ್ರಿ ದೀಪ ಹಚ್ಚಿದೊಡನೆ ಅದೇ ಮನೆ ಬಯಲಾಟವಾಗುವುದೂ ಇದೇ ಲೆಕ್ಕದಿಂದ. ಬೇಲೂರಿನ ಗುಡಿಯ ಕಲ್ಲಿನ ಜಾಲಂಧ್ರಗಳು, ಜೈಪುರದ ಹವಾಮಹಲಿನ ಕಿಂಡಿಗಳು, ಸಿಟಿ ಬಸ್ಸಿನ ಗಾಜಿನ ಮೇಲೆ ಅಂಟಿಸುವ ತೂತು ತೂತಿನ ಜಾಹೀರಾತು ಹಾಳೆ ಎಲ್ಲ ಒಂದೇ ಮನೆತನ. ಬಸ್ಸಿನ ಹಾಳೆಯನ್ನು ಗಮನಿಸಿದವರಿಗೆ ಇನ್ನೊಂದು ಸಂಗತಿ ಹೊಳೆದಿರುತ್ತದೆ: ಹೊರಗಡೆ ಏನೇ ಚಿತ್ರವಿರಲಿ, ಒಳಮೈ ಮಾತ್ರ ಕಪ್ಪು.

ಈ ಒಳಗಪ್ಪು ಸಣ್ಣ ವಿಷಯವಲ್ಲ. ಅದನ್ನು ತಿಳಿಯಲು ಸೊಲ್ಲಾಪುರದ ಬಟ್ಟೆಗಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ.

ಇಲ್ಲಿ ಮೊದಲ ದೊಡ್ಡ ನೂಲಿನ ಗಿರಣಿ ಸುರುವಾದದ್ದು 1877ರಲ್ಲಿ. ಗಿರಣಿಯ ಭೋಂಗಾ, ಅಂದರೆ ಸೈರನ್ನು, ನಿಂತು ದಶಕಗಳಾದವು. ಮಗ್ಗದ ಸದ್ದು ನಿಂತಿಲ್ಲ. ಮರಾಠಿ, ಕನ್ನಡ, ತೆಲುಗು, ದಖನಿ ಉರ್ದು ನಾಲ್ಕೂ ಓಡಾಡುವ ಈ ಊರಿನ ಹೆಸರನ್ನು ದೇಶಕ್ಕೆಲ್ಲ ಒಯ್ದದ್ದು ಎರಡು ಬಟ್ಟೆ: ಚಾದರ ಮತ್ತು ಟಾವೆಲ್. ಎರಡಕ್ಕೂ ಭೌಗೋಳಿಕ ಗುರುತಿನ ಮುದ್ರೆ ಬಿದ್ದಿದೆ. ಚಾದರ ಜಕಾರ್ಡ್ ಮಗ್ಗದ ನೇಯ್ಗೆ. ಅದನ್ನು ಮಗುಚಿ ನೋಡಿದರೆ ಅದೇ ನವಿಲು, ಅದೇ ಹೂ, ಬಣ್ಣ ಮಾತ್ರ ಅದಲುಬದಲು. ಈ ಮೈಯಲ್ಲಿ ಕೆಂಪು ನೆಲದ ಮೇಲೆ ಬಿಳಿ ಹೂವಿದ್ದರೆ ಆ ಮೈಯಲ್ಲಿ ಬಿಳಿ ನೆಲದ ಮೇಲೆ ಕೆಂಪು ಹೂ. ಎರಡು ಪದರ ಬಟ್ಟೆ ಒಂದಕ್ಕೊಂದು ಹಾಸುಹೊಕ್ಕಾಗಿ, ಬೇಕಾದಲ್ಲಿ ಮೇಲಿನದು ಕೆಳಗೆ ಕೆಳಗಿನದು ಮೇಲೆ ಬರುವಂತೆ ನೇಯ್ದಿರುತ್ತಾರೆ. ಒಂದು ಬಟ್ಟೆಗೆ ಎರಡು ಮುಖ ಇರಬಹುದೆಂಬುದು ಸೊಲ್ಲಾಪುರದ ನೇಕಾರನಿಗೆ ಯಾರೂ ಹೇಳಿಕೊಡಬೇಕಿಲ್ಲ. ಮುಖವಾಡದ ಕಣ್ಣಿಗೂ ಬೇಕಾದ್ದು ಅದೇ, ಹೊರಗೆ ಬಿಳಿ, ಒಳಗೆ ಕಪ್ಪು. ಜೊತೆಗೆ ಚಾದರದಲ್ಲಿ ಎಂದೂ ಇರಬಾರದ ಒಂದು ಗುಣ: ತೂತು.

ಟಾವೆಲ್ ಇನ್ನೊಂದು ತುದಿಯ ಪಾಠ. ಅದರಲ್ಲಿ ಎರಡು ಹಾಸು, ಒಂದು ಬಿಗಿ, ಒಂದು ಸಡಿಲು. ಸಡಿಲಿನ ಎಳೆ ಕುಣಿಕೆ ಕುಣಿಕೆಯಾಗಿ ಮೇಲೆದ್ದು ಇದ್ದಬದ್ದ ತೂತನ್ನೆಲ್ಲ ಮುಚ್ಚುತ್ತದೆ. ನೀರು ಹೀರಲು ಅದು ಬೇಕು. ಬೆಳಕು ಬಿಡಲು ಬೇಡ. ಸೊಳ್ಳೆಪರದೆಯ ಕೆಲವು ನೇಯ್ಗೆಗಳಲ್ಲಿ ಹಾಸಿನ ಎರಡೆರಡು ಎಳೆ ಒಂದನ್ನೊಂದು ಹೊಸೆದುಕೊಂಡು ಹೊಕ್ಕಿನ ಎಳೆಯನ್ನು ಚಿಮಟದಂತೆ ಹಿಡಿದಿರುತ್ತವೆ. ಬರಿಯ ಸಾದಾ ನೇಯ್ಗೆಯನ್ನು ಅಷ್ಟು ತೆಳ್ಳಗೆ ನೇಯ್ದರೆ ಎಳೆಗಳು ಜಾರಿ ಒಂದು ಕಡೆ ಗುಂಪು, ಒಂದು ಕಡೆ ಬಯಲು ಆಗುತ್ತವೆ. ಹೊಸೆದ ಎಳೆ ಜಾರುವುದಿಲ್ಲ. ಮುಖವಾಡದ ಕಣ್ಣಿಗೆ ಹುಡುಕಬೇಕಾದ್ದು ಇಂಥ ಬಟ್ಟೆಯನ್ನು: ತೂತು ಸಮ, ಎಳೆ ತೆಳು, ಮೈ ಬಿರುಸು.

ಹೊರದೇಶದ ವೇಷಗಾರರು ಇದಕ್ಕೆ ಬಳಸುವ ಬಟ್ಟೆಯ ಹೆಸರು ಬಕ್ರಮ್. ಈ ಹೆಸರು ಹಿಡಿದು ಸೊಲ್ಲಾಪುರದ ದರ್ಜಿಗಳ ಸಾಮಾನಿನ ಅಂಗಡಿಗೆ ಹೋದವರು ಮೋಸ ಹೋಗುತ್ತಾರೆ. ದೇಶದ ಮೂಲೆಮೂಲೆಗೆ ಸಮವಸ್ತ್ರ ಹೊಲಿದು ಕಳಿಸುವ ಊರಿದು. ಇಲ್ಲಿ ಬಕ್ರಮ್ ಅಂದರೆ ಅಂಗಿಯ ಕಾಲರ್, ಪ್ಯಾಂಟಿನ ಪಟ್ಟಿಯೊಳಗೆ ಇಡುವ ಒತ್ತಾದ ಬಿಳಿ ಬಟ್ಟೆ. ಅದರಿಂದ ಸೂರ್ಯನೂ ಕಾಣುವುದಿಲ್ಲ. ಹ್ಯಾಟು ಮಾಡುವವರು ಗಂಜಿ ಹಾಕಿ ಬಿರುಸಾಗಿಸಿದ ವಿರಳ ನೇಯ್ಗೆಯ ಬಕ್ರಮ್ಮೇ ಬೇರೆ. ಅದು ಸಿಗದಿದ್ದರೆ ಕಿಟಕಿಗೆ ಹೊಡೆಯುವ ಕರಿ ಸೊಳ್ಳೆ ಜಾಲರಿ ಸಾಕು. ಹೆಣ್ಣುಮಕ್ಕಳು ಕಸೂತಿಗೆ ತರುವ ಮ್ಯಾಟಿ ಬಟ್ಟೆಗೂ ತೂತಿರುತ್ತದೆ, ಆದರೆ ಎಳೆ ದಪ್ಪ, ಬೆಳಕು ಸಾಲದು.

ಕರಿ ಜಾಲರಿ ಎಂದು ಒತ್ತಿ ಹೇಳಲು ಕಾರಣವಿದೆ. ಕಣ್ಣು ಬೆಳ್ಳಗಿರಬೇಕಲ್ಲ ಎಂದು ಬಿಳಿ ಜಾಲರಿ ತಂದು ಅದರ ಮೇಲೆ ಕರಿಗುಡ್ಡೆ ಬರೆಯುವುದು ಹೊಸಬರು ಮಾಡುವ ಮೊದಲ ತಪ್ಪು. ಹೊರಗಿನಿಂದ ಅದು ಮುದ್ದಾಗಿಯೇ ಕಾಣುತ್ತದೆ. ಒಳಗಿನಿಂದ ನೋಡಿದರೆ ಬಿಸಿಲಿಗೆ ಜಾಲರಿಯೇ ಟ್ಯೂಬ್‌ಲೈಟಿನಂತೆ ಉರಿಯುತ್ತದೆ. ಬಿಳಿ ನೂಲು ಬೆಳಕನ್ನು ಹಿಂದಕ್ಕೆ ಎಸೆಯುವುದು ಮಾತ್ರವಲ್ಲ, ಒಂದಷ್ಟನ್ನು ತನ್ನ ಮೈಯೊಳಗೆ ಹರಡಿಕೊಂಡು ಆಚೆಗೂ ಬಿಡುತ್ತದೆ. ಆ ಹರಡಿದ ಬೆಳಕಿನಲ್ಲಿ ಚಿತ್ರವಿಲ್ಲ, ಬರಿಯ ಬೆಳಗು. ತೂತಿನಿಂದ ಬರುವ ಗಿಡದ ಚಿತ್ರ, ಎಳೆಯಿಂದ ಬರುವ ಈ ಹಾಲುಮಬ್ಬು ಎರಡೂ ಒಟ್ಟಿಗೆ ಕಣ್ಣಿಗೆ ಬಿದ್ದಾಗ ಮಬ್ಬೇ ಗೆಲ್ಲುತ್ತದೆ. ಮುಂಜಾವಿನ ಮಂಜಿನಲ್ಲಿ ಲಾರಿಯ ದೀಪ ಹಚ್ಚಿದಷ್ಟೂ ರಸ್ತೆ ಕಾಣದಂತಾಗುವುದು ನೆನಪಾಗಬೇಕು. ಕರಿ ಜಾಲರಿಯ ಹೊರಮೈಗೆ ಮಾತ್ರ ಬಿಳಿ ಹಚ್ಚಿದರೆ ಹಿಂದಿನ ಕಪ್ಪು ಆ ಹರಡಿದ ಬೆಳಕನ್ನು ನುಂಗುತ್ತದೆ. ಒಳಗಿನವನಿಗೆ ಎಳೆ ಕತ್ತಲು, ತೂತು ಬೆಳಕು, ಚಿತ್ರ ಸ್ವಚ್ಛ.

ಬಿಳಿ ಹಚ್ಚುವುದೇ ನಾಜೂಕಿನ ಕೆಲಸ. ಬ್ರಷ್ಷಿಗೆ ಅಕ್ರಿಲಿಕ್ ಬಣ್ಣ ಅದ್ದಿ ಎಳೆದರೆ ಪ್ರತಿ ತೂತಿನಲ್ಲೂ ಸಾಬೂನಿನ ಪೊರೆಯಂತೆ ಒಂದು ಪೊರೆ ಕೂರುತ್ತದೆ, ಒಣಗಿ ಮುಚ್ಚಳವಾಗುತ್ತದೆ. ಕೈ ಪಳಗಿದವರು ಸ್ಪಂಜಿನ ತುಂಡಿಗೆ ಬಣ್ಣ ಮುಟ್ಟಿಸಿ, ಅದನ್ನು ಮೊದಲು ಹಳೆಯ ಪೇಪರಿನ ಮೇಲೆ ಒತ್ತಿ ಅರೆ ಒಣಗಿಸಿ, ಆಮೇಲೆ ಜಾಲರಿಯನ್ನು ಲಟ್ಟಣಿಗೆಯ ಮಣೆಯ ಮೇಲಿಟ್ಟಂತೆ ಚಪ್ಪಟೆ ಹಿಡಿದು ಟಪ್ ಟಪ್ ಎಂದು ಬಡಿಯುತ್ತಾರೆ. ಬಡಿದಾದ ಕೂಡಲೇ ಎತ್ತಿ ಹಿಂದಿನಿಂದ ಊದುತ್ತಾರೆ. ಮುಚ್ಚಿದ ತೂತು ಪಟಪಟನೆ ತೆರೆದು, ಊದಿದವರ ಎದುರು ಕೂತವರ ಮುಖಕ್ಕೆ ಬಿಳಿ ಚುಕ್ಕೆ ಸಿಡಿಯುತ್ತದೆ. ಒಂದು ಸುತ್ತಿಗೆ ಜಾಲರಿ ಬೂದಿ ಬಣ್ಣ; ಇನ್ನೊಂದು ಸುತ್ತಿಗೆ ಕಾಗದದ ಬಿಳಿ. ಮೂರನೆಯ ಸುತ್ತಿಗೆ ಆಸೆಪಟ್ಟವರು ಕೆಡುತ್ತಾರೆ.

ಯಾಕೆಂದರೆ ಲೆಕ್ಕ ನಿಷ್ಠುರ. ಎಳೆಯಿಂದ ಎಳೆಗೆ 1 ಮಿಲಿಮೀಟರ್, ಎಳೆಯ ದಪ್ಪ 0.3 ಎಂದಿಟ್ಟುಕೊಂಡರೆ ತೂತಿನ ಅಗಲ 0.7, ಎತ್ತರವೂ 0.7. ಬಯಲು ಜಾಗ 0.7 ಗುಣಿಸು 0.7, ಅಂದರೆ ನೂರಕ್ಕೆ 49. ಬಣ್ಣ ಕೂತು ಎಳೆ 0.4 ಆದರೆ ಅದು 36ಕ್ಕೆ ಇಳಿಯಿತು. 0.5 ಆದರೆ 25. ಕೂದಲೆಳೆಯಷ್ಟು ದಪ್ಪದ ಎರಡು ಕೋಟು ಬಣ್ಣ ಅರ್ಧ ಬೆಳಕನ್ನು ನುಂಗಿಹಾಕಿತು. ಗಾಢ ತಂಪು ಕನ್ನಡಕಗಳು ಒಳಗೆ ಬಿಡುವುದು ನೂರಕ್ಕೆ 8ರಿಂದ 18 ಪಾಲು ಮಾತ್ರ. ಅವನ್ನು ಹಾಕಿಕೊಂಡು ಬಿಸಿಲಿನಲ್ಲಿ ಬೈಕು ಓಡಿಸುವವರಿಗೆ ತೊಂದರೆಯಿಲ್ಲ ಎಂಬುದನ್ನು ನೋಡಿದರೆ 25 ಕೆಟ್ಟ ಅಂಕವಲ್ಲ. ಬಿಸಿಲಿಗೆ ಮಾತ್ರ.

ಜಾಲರಿಯ ಬಿಳಿ ಭಾಗದಲ್ಲಿ ಇಷ್ಟೆಲ್ಲ ಸರ್ಕಸ್ಸು. ಕರಿಗುಡ್ಡೆಯ ಭಾಗದಲ್ಲಿ ಯಾವ ಸರ್ಕಸ್ಸೂ ಬೇಡ. ಎಳೆಯೂ ಕಪ್ಪು, ತೂತಿನ ಹಿಂದಿನ ಕತ್ತಲೂ ಕಪ್ಪು. ಬಣ್ಣವೇ ಹಚ್ಚದೆ ಬಿಟ್ಟರಾಯಿತು. ತೊಟ್ಟವನ ಕಣ್ಣು ಈ ಭಾಗದ ಹಿಂದೆ ಬರುವಂತೆ ನೋಡಿಕೊಂಡರೆ ಅವನಿಗೆ ಸಿಗುವುದು ಪೂರ್ತಿ 49 ಪಾಲು. ಕಾರ್ಟೂನ್ ಬರೆಯುವವರು ಕರಿಗುಡ್ಡೆಯನ್ನು ದೊಡ್ಡದು ಮಾಡಿದ್ದು ಮುದ್ದಿಗಾಗಿ, ವೇಷಗಾರರಿಗೆ ಅದು ಪುಕ್ಕಟೆ ಲಾಭ. 1928ರ ಮಿಕ್ಕಿ ಮೌಸ್‌ನ ಕಣ್ಣು ಬರಿಯ ಕರಿ ಮೊಟ್ಟೆ. ಬಿಳಿಗುಡ್ಡೆಯ ನಡುವೆ ಪಾಪೆಯಿರುವ ಕಣ್ಣು ಅದಕ್ಕೆ ಬಂದದ್ದು 1939ರ ಹೊತ್ತಿಗೆ. ಮುಖವಾಡ ಮಾಡುವವರನ್ನು ಕೇಳಿದರೆ ಹಳೆಯ ಮಿಕ್ಕಿಯೇ ವಾಸಿ ಅಂದಾರು.

ಒಂದು ಕಡೆ ಮಾತ್ರ ಈ ಕರಿಗುಡ್ಡೆ ಕೈಕೊಡುತ್ತದೆ: ಮೊಬೈಲಿನ ಫ್ಲ್ಯಾಶು. ಸಂಜೆಗತ್ತಲಲ್ಲಿ ಎದುರಿಗೇ ನಿಂತು ಫ್ಲ್ಯಾಶ್ ಹೊಡೆದರೆ ಎರಡು ಸುಂಕ ಕಟ್ಟಿಯೂ ಒಂದಿಷ್ಟು ಬೆಳಕು ಮುಖದಿಂದ ಹಿಂದಿರುಗುತ್ತದೆ. ಬಿಳಿ ಭಾಗದಲ್ಲಿ ಅದು ಲೆಕ್ಕಕ್ಕಿಲ್ಲ; ಕರಿ ಭಾಗದಲ್ಲಿ ಎದುರಾಳಿಯೇ ಇಲ್ಲದ್ದರಿಂದ ಮಸುಕಾಗಿ ಒಂದು ಮೂಗಿನ ತುದಿ ಕಂಡುಬಿಡುತ್ತದೆ. ತೊಟ್ಟವನು ಮುಖಕ್ಕೊಂದು ಕರಿ ಬಟ್ಟೆ ಸುತ್ತಿಕೊಂಡರೆ ಅದೂ ಇಲ್ಲ. ಮುಖವಾಡದ ಕೊರಳಿನಿಂದ, ಹೊಲಿಗೆಯ ಸಂದಿನಿಂದ ಒಳಗೆ ನುಸುಳುವ ಬೆಳಕು ಇದಕ್ಕಿಂತ ದೊಡ್ಡ ಕಳ್ಳ. ಒಳಗೆಲ್ಲ ಕರಿ ಅಸ್ತರು ಕೊಡಬೇಕು. ಬಿಳಿ ಬನಿಯನ್ ತೊಟ್ಟು ಒಳಹೊಕ್ಕವನ ಎದೆಯೇ ಕೆಳಗಿಂದ ದೀಪ ಹಿಡಿದಂತೆ ಮುಖವನ್ನು ಬೆಳಗಬಲ್ಲದು.

ಜಾಲರಿ ನಯವಾದಷ್ಟೂ ಒಳ್ಳೆಯದು ಎಂದು ಯಾರಿಗಾದರೂ ಅನಿಸಬಹುದು. ಸಣ್ಣ ತೂತು, ಹೊರಗಿನವರಿಗೆ ಹತ್ತಿರದಿಂದಲೂ ಕಾಣದು. ಇಲ್ಲಿ ಬೆಳಕು ತನ್ನ ಇನ್ನೊಂದು ಸ್ವಭಾವ ತೋರಿಸುತ್ತದೆ. ಅಮೆರಿಕದ ಫ್ರಾನ್ಸಿಸ್ ಹಾಪ್ಕಿನ್‌ಸನ್ ಎಂಬವರು ಒಂದು ರಾತ್ರಿ ರೇಷ್ಮೆ ಕರವಸ್ತ್ರದ ಮೂಲಕ ಬೀದಿದೀಪ ನೋಡಿದರು. ಎಳೆಗಳು ದಪ್ಪ ಸಲಾಕೆಗಳಂತೆ ಕಂಡವು. ಕರವಸ್ತ್ರ ಅಲುಗಿಸಿದರೂ ಅವು ಅಲುಗಲಿಲ್ಲ. ಅವರ ಸ್ನೇಹಿತ, ಖಗೋಳಜ್ಞ ಡೇವಿಡ್ ರಿಟನ್‌ಹೌಸ್ ಈ ಒಗಟಿನ ಬೆನ್ನು ಹತ್ತಿ, ಸೂಕ್ಷ್ಮ ತಿರುಪುಗಳ ಸುತ್ತಿನ ಮೇಲೆ ಕೂದಲುಗಳನ್ನು ಸಾಲಾಗಿ ಕಟ್ಟಿ, ಬೆಳಕು ಅವುಗಳ ನಡುವೆ ಹಾಯುವಾಗ ನಿರ್ದಿಷ್ಟ ಕೋನಗಳಿಗೆ ಬಾಗಿ ಹರಡುವುದನ್ನು 1786ರಲ್ಲಿ ವರದಿ ಮಾಡಿದರು. ಇಂದು ಪ್ರಯೋಗಾಲಯಗಳಲ್ಲಿ ಬೆಳಕಿನ ಬಣ್ಣ ಬಿಡಿಸುವ ಗ್ರೇಟಿಂಗ್‌ನ ಮೊದಲ ಅವತಾರ ಆ ಕೂದಲ ಸಾಲು.

ಎಳೆಗಳ ಅಂತರ 1 ಮಿಲಿಮೀಟರ್ ಇರುವಾಗ ಈ ಬಾಗು ಕಣ್ಣಿಗೆ ತಿಳಿದೂ ತಿಳಿಯದಷ್ಟು. 0.2 ಮಿಲಿಮೀಟರಿಗೆ ಇಳಿದರೆ ಐದು ಪಟ್ಟು. ಪ್ರತಿ ದೀಪದ ಸುತ್ತ ನಾಲ್ಕು ದಿಕ್ಕಿಗೂ ಮರಿ ದೀಪಗಳ ಸಾಲು ಮೂಡುತ್ತದೆ. ಗಡ್ಡಾ ಯಾತ್ರೆಯಲ್ಲಿ ರಾತ್ರಿ ಬಾಣಬಿರುಸು ಹಾರಿಸುವಾಗ ಕೊಡೆಯ ಬಟ್ಟೆಯನ್ನೋ ತೆಳು ಓಢಣಿಯನ್ನೋ ಕಣ್ಣಿಗೆ ಅಡ್ಡ ಹಿಡಿದರೆ ಆಕಾಶದ ಒಂದೊಂದು ಕಿಡಿಗೂ ಬಣ್ಣದ ರೆಕ್ಕೆ ಹುಟ್ಟುವುದನ್ನು ಕಾಣಬಹುದು. ನೋಡಲು ಚೆಂದ. ಫೋಕಸ್ ಲೈಟುಗಳ ಎದುರು ವೇದಿಕೆಯ ಅಂಚು ಹುಡುಕುವವನಿಗೆ ಚೆಂದವಲ್ಲ.

ಇನ್ನು ನೋಟದ ಹರವು. ಮನುಷ್ಯನ ಎರಡು ಕಣ್ಣಿಗೆ ಅಡ್ಡಡ್ಡಲಾಗಿ 180 ಡಿಗ್ರಿಗೂ ಮೇಲ್ಪಟ್ಟ ಹರವಿದೆ. 5 ಸೆಂಟಿಮೀಟರ್ ಅಗಲದ ಕಾರ್ಟೂನ್ ಕಣ್ಣನ್ನು 5 ಸೆಂಟಿಮೀಟರ್ ದೂರದಲ್ಲಿ ಕೂರಿಸಿದರೆ ಒಂದು ಕಣ್ಣಿಗೆ ಸಿಗುವುದು ಸುಮಾರು 53 ಡಿಗ್ರಿ. ಫೋಮಿನ ದೊಡ್ಡ ತಲೆಯಲ್ಲಿ ಅದು 10 ಸೆಂಟಿಮೀಟರ್ ದೂರಕ್ಕೆ ಹೋದರೆ 28. ಅಗಸೆಬಾಗಿಲಿಗೆ ಹತ್ತಿರ ನಿಂತವನಿಗೆ ಇಡೀ ಬೀದಿ, ದೂರ ನಿಂತವನಿಗೆ ಎದುರಿನ ಮನೆ ಮಾತ್ರ. ಎರಡು ಪಾಪೆಗಳ ನಡುವಿನ ಅಂತರ ದೊಡ್ಡವರಲ್ಲಿ ಸುಮಾರು 63 ಮಿಲಿಮೀಟರ್. ಕರಡಿಯ ಕಣ್ಣುಗಳನ್ನು ಒಂದು ಗೇಣು ದೂರದೂರ ಅಂಟಿಸಿದರೆ ಮನುಷ್ಯನ ಕಣ್ಣಿಗೆ ಎದುರಾಗುವುದು ಕರಡಿಯ ಮೂಗು. ಮೂಗಿನ ಮೇಲೆ ಒಂದಕ್ಕೊಂದು ತಾಗಿ ಕೂತ ಕಣ್ಣುಗಳ ಪಾತ್ರಗಳೇ ವೇಷಕ್ಕೆ ಹಿಡಿಸುವುದು ಅದಕ್ಕೆ.

ಮನುಷ್ಯ ಕಣ್ಣಿಗೆ ಇಷ್ಟು ಬೆಲೆ ಕೊಡಲು ಅವನ ಬಿಳಿಗುಡ್ಡೆಯೂ ಒಂದು ಕಾರಣವೆನ್ನುತ್ತಾರೆ. ಜಪಾನಿನ ಕೊಬಾಯಾಶಿ ಮತ್ತು ಕೊಹ್ಶಿಮಾ 1997ರಲ್ಲಿ ವಾನರ ಜಾತಿಗಳ ಕಣ್ಣುಗಳನ್ನು ಹೋಲಿಸಿ ನೋಡಿ, ಮನುಷ್ಯನಷ್ಟು ಬಿಳಿ ಬಯಲಾಗಿ ತೋರುವ ಕಣ್ಣು ಬೇರೆಯವಕ್ಕಿಲ್ಲ ಎಂದು ಬರೆದರು. ಬಿಳಿಯ ನಡುವೆ ಕಪ್ಪು ಎಲ್ಲಿದೆ ಎಂಬುದರಿಂದಲೇ ಎದುರಿನವರು ಎತ್ತ ನೋಡುತ್ತಿದ್ದಾರೆಂದು ನಾವು ಹೇಳುತ್ತೇವೆ. ವೇಷಗಾರರು ಈ ಅಭ್ಯಾಸವನ್ನೇ ಹಿಡಿದು ಒಂದು ಚಮತ್ಕಾರ ಮಾಡುತ್ತಾರೆ. ಜಾಲರಿಯನ್ನು ಕಣ್ಣಿನ ರೆಪ್ಪೆಯಂಚಿಗೆ ಸಮನಾಗಿ ಅಂಟಿಸುವ ಬದಲು ಎರಡು ಬೆರಳು ಒಳಗೆ ಕೂರಿಸುತ್ತಾರೆ. ಓಡುವ ರೈಲಿನ ಕಿಟಕಿಯಲ್ಲಿ ಹತ್ತಿರದ ಕಂಬ ಹಿಂದೆ ಓಡಿ, ದೂರದ ಚಂದ್ರ ಜೊತೆಗೇ ಬರುವಂತೆ, ನೋಡುವವರು ಬಲಕ್ಕೆ ಸರಿದಾಗ ಹತ್ತಿರದ ರೆಪ್ಪೆಯಂಚಿಗೆ ಹೋಲಿಸಿದರೆ ಒಳಗಿನ ಕರಿಗುಡ್ಡೆಯೂ ಬಲಕ್ಕೆ ಸರಿಯುತ್ತದೆ. ಎಡಕ್ಕೆ ಹೋದರೆ ಎಡಕ್ಕೆ. ಕರಡಿ ತನ್ನನ್ನೇ ನೋಡುತ್ತಿದೆ ಎಂದು ಜಾತ್ರೆಯ ಹತ್ತು ಮಕ್ಕಳಿಗೆ ಏಕಕಾಲಕ್ಕೆ ಅನಿಸುತ್ತದೆ. ಬ್ರಿಟನ್ನಿನ ಮನೋವಿಜ್ಞಾನಿ ರಿಚರ್ಡ್ ಗ್ರೆಗರಿ ಚಾರ್ಲಿ ಚಾಪ್ಲಿನ್ ಮುಖವಾಡವೊಂದನ್ನು ತಿರುಗಿಸಿ, ಅದರ ಟೊಳ್ಳು ಹಿಂಬದಿ ಕೂಡ ಉಬ್ಬಿದ ಮುಖವಾಗಿಯೇ ಕಾಣುವುದನ್ನು ಪ್ರಸಿದ್ಧಿಗೆ ತಂದರು. ತಗ್ಗಿದ ಕಣ್ಣು ನಂಬಿಸುವುದೂ ಮಿದುಳಿನ ಇದೇ ಮೊಂಡುತನದಿಂದ. ಮುಖವೆಂದರೆ ಉಬ್ಬಿರಬೇಕು, ಕಣ್ಣೆಂದರೆ ತಿರುಗಬೇಕು ಎಂದು ಅದು ತೀರ್ಮಾನಿಸಿಬಿಟ್ಟಿರುತ್ತದೆ.

ಪ್ಲಾಸ್ಟಿಕ್ ಬಟ್ಟಲನ್ನೇ ಕಣ್ಣಾಗಿಸಿ ಅದರಿಂದ ನೋಡಲು ಹೊರಟವರಿಗೆ ಉಸಿರೇ ಶತ್ರು. ಬಿಟ್ಟ ಉಸಿರು ಬೆಚ್ಚಗೆ, ನೀರಾವಿ ತುಂಬಿದ್ದು. ಜನವರಿಯ ತಂಪು ಸಂಜೆಯ ಪ್ಲಾಸ್ಟಿಕ್ಕಿಗೆ ತಾಗಿದೊಡನೆ ಇಬ್ಬನಿ. ಜಾಲರಿಗೆ ಆ ಕಾಟವಿಲ್ಲ, ಗಾಳಿಯೂ ಆಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಫೋಮಿನ ತಲೆ ಹೊತ್ತವನಿಗೆ ಈ ಎರಡು ಕಿಂಡಿಯ ಗಾಳಿ ನೋಟಕ್ಕಿಂತ ಕಡಿಮೆಯದಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮುಖವಾಡವೊಂದು ಅಕ್ಕಲಕೋಟೆ ತಾಲ್ಲೂಕಿನ ಯಾವುದೋ ಕನ್ನಡ ಶಾಲೆಯ ಗ್ಯಾದರಿಂಗ್‌ಗೆ ಹೋಯಿತೆಂದು ಇಟ್ಟುಕೊಳ್ಳೋಣ. 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗ ಮಹಾರಾಷ್ಟ್ರದಿಂದ ಆಗಿನ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ ಸೇರಲಿ ಎಂದ ತಾಲ್ಲೂಕು. ಸೇರಲಿಲ್ಲ, ಶಾಲೆಗಳಲ್ಲಿ ಕನ್ನಡ ಉಳಿದಿದೆ, ವಾರ್ಷಿಕೋತ್ಸವಕ್ಕೆ ಮಾತ್ರ ಗ್ಯಾದರಿಂಗ್ ಎಂಬ ಹೆಸರು ನಿಂತಿದೆ. ಮಧ್ಯಾಹ್ನದ ತಾಲೀಮು ಅಂಗಳದ ಬಿಸಿಲಿನಲ್ಲಿ. ಐದನೆತ್ತೆಯ ಹುಡುಗ ಕರಡಿಯ ತಲೆ ಹಾಕಿಕೊಂಡು ಓಡಾಡುತ್ತಾನೆ, ಕುಣಿಯುತ್ತಾನೆ, ಗೆಳೆಯರು ಎಸೆದ ಚೆಂಡನ್ನೂ ಹಿಡಿಯುತ್ತಾನೆ.

ಕಾರ್ಯಕ್ರಮ ರಾತ್ರಿ ಎಂಟಕ್ಕೆ. ವೇದಿಕೆಯ ಮೇಲೆ ಹ್ಯಾಲೊಜನ್, ಪಕ್ಕದ ಮೆಟ್ಟಿಲ ಹತ್ತಿರ ಕತ್ತಲು.

“ಏ ತಮ್ಮಾ, ಕಾಣಸ್ತೈತೇನಪಾ ಚಂದಂಗ?” ಮೇಷ್ಟ್ರು ಕೇಳುತ್ತಾರೆ.

“ಮಂದಿ ಕಾಣಸ್ತಾರ್ರಿ ಸರ. ಪಾವಟಿಗಿ ಕಾಣವಲ್ದ್ರಿ.”

ಹುಡುಗ ಹೇಳುವುದು ನಿಜ. ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್; ಅದರ ಮೂರನೆಯ ಒಂದು ಪಾಲು ಬೆಳಕೂ ಕಣ್ಣಿಗೆ ಧಾರಾಳ. ಕತ್ತಲ ಮೆಟ್ಟಿಲಿನ ಮೇಲೆ ಬಿದ್ದಿರುವ ಬೆಳಕೇ ಚಿಟಿಕೆಯಷ್ಟು, ಅದರ ಮೂರನೆಯ ಒಂದು ಪಾಲಿನಲ್ಲಿ ಅಂಚು ತಿಳಿಯುವುದಿಲ್ಲ. ವೇದಿಕೆಯ ಪ್ರಖರ ಬೆಳಕಿಗೆ ಕಿರಿದಾದ ಪಾಪೆ ಕತ್ತಲಿಗೆ ಹಿಗ್ಗಲು ಕೆಲವು ಸೆಕೆಂಡು, ಅಕ್ಷಿಪಟಲ ಹದಗೊಳ್ಳಲು ಹಲವು ನಿಮಿಷ ಬೇಕು. ಕಾಲಿನ ಹತ್ತಿರದ ನೆಲವಂತೂ ಕರಡಿಯ ಕೆನ್ನೆಯ ಮರೆಯಲ್ಲಿದೆ. ದೊಡ್ಡ ವೇಷಗಳ ಜೊತೆ ಎಲ್ಲ ದೇಶದಲ್ಲೂ ಒಬ್ಬ ಕೈ ಹಿಡಿಯುವವ ಇರುತ್ತಾನೆ. ಇಲ್ಲಿ ಆ ಕೆಲಸಕ್ಕೆ ಏಳನೆತ್ತೆಯ ಒಬ್ಬ ಹುಡುಗಿ. ಮೆಟ್ಟಿಲ ಅಂಚಿಗೆ ಸುಣ್ಣದ ಗೀಟು ಎಳೆದದ್ದೂ ಅವಳೇ, ಒಂದೊಂದೇ ಎಣಿಸುತ್ತ ಅವನನ್ನು ಇಳಿಸಿಕೊಂಡು ಬಂದದ್ದೂ ಅವಳೇ.

ಮರುದಿನ ಕರಡಿಯ ತಲೆ ಶಾಲೆಯ ಸಾಮಾನಿನ ಕೋಣೆಯಲ್ಲಿ, ಪೂರ್ವದ ಕಿಟಕಿಗೆ ಬೆನ್ನು ಮಾಡಿ ಒಂದು ಮೊಳೆಗೆ ತೂಗುಬಿದ್ದಿದೆ. ಕೊರಳ ತೆರಪಿನಿಂದ ಮುಂಜಾನೆಯ ಬಿಸಿಲು ಅದರೊಳಗೆ ತುಂಬಿಕೊಂಡಿದೆ. ಕಸ ಹೊಡೆಯಲು ಬಂದವರು ಬಾಗಿಲಲ್ಲಿ ನಿಂತು ನೋಡಿದರೆ ನಿನ್ನೆಯ ಬೆಳ್ಳನೆಯ ಕಣ್ಣೂ ಇಲ್ಲ, ಕರಿಗುಡ್ಡೆಯೂ ಇಲ್ಲ. ಎರಡು ಬೂದು ಜಾಲರಿ, ಅವುಗಳ ಆಚೆ ಒಳಗಿನ ಕರಿ ಅಸ್ತರಿನ ಹೊಲಿಗೆ, ಯಾರೋ ಮರೆತುಬಿಟ್ಟ ಒಂದು ಗುಂಡುಸೂಜಿ.